ಊಟದ ನಡುವೆ ದಣಿಯುವ ದವಡೆ



ಕೊಟ್ಟಿಗೆಯಲ್ಲಿ ಎತ್ತು ಮೆಲುಕು ಹಾಕುವುದನ್ನು ನಿಲ್ಲಿಸಿತೆಂದರೆ ನಿಮಗೆ ಕೂಡಲೆ ತಿಳಿಯುತ್ತದೆ. ಯಾರೂ ಬಂದು ಹೇಳಬೇಕಾಗಿಲ್ಲ. ಬಾಯಿ ಬಿಡಿಸಿ ನೋಡುತ್ತೀರಿ, ಹೊಟ್ಟೆ ತಟ್ಟಿ ನೋಡುತ್ತೀರಿ, ಹೊತ್ತು ಮುಳುಗುವುದರೊಳಗೆ ಪಶುವೈದ್ಯರಿಗೆ ಸುದ್ದಿ ಮುಟ್ಟಿಸುತ್ತೀರಿ. ಆದರೆ ಮನೆಯೊಳಗೆ ಒಬ್ಬರು ದಿನವೂ ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದರೆ ತಿಂಗಳಾದರೂ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ಬಂದರೂ ಸಿಟ್ಟೆಂದೋ, ಚಿಂತೆಯೆಂದೋ, ಹಲ್ಲುನೋವೆಂದೋ ನಾವೇ ತೀರ್ಮಾನ ಮಾಡಿಬಿಡುತ್ತೇವೆ.

ಬೀಜ, ಗೊಬ್ಬರ, ಕೀಟಗಳ ವಿಷಯ ಬರೆಯುವ ನಾನು ಈ ಸಲ ಮನುಷ್ಯರ ದವಡೆಯ ವಿಷಯ ಎತ್ತಿಕೊಂಡಿದ್ದೇನೆ. ನಾನು ವ್ಯವಸಾಯದ ಡಿಪ್ಲೊಮಾ ಓದಿದವನೇ ಹೊರತು ವೈದ್ಯನಲ್ಲ. ಆದರೂ ಬರೆಯಲು ಎರಡು ಕಾರಣಗಳಿವೆ. ಅಗಿಯುವ ಶಕ್ತಿಯನ್ನು ಕಸಿದುಕೊಳ್ಳುವ ಒಂದು ರೋಗವುಂಟು. ಅದನ್ನು ಬೇಗ ಗುರುತಿಸಿದರೆ ಚಿಕಿತ್ಸೆಯಿದೆ, ಗುರುತಿಸದೆ ಹೋದರೆ ಉಸಿರಿಗೇ ಬರುತ್ತದೆ. ಇದು ಮೊದಲನೆಯದು. ನಾವು ಹೊಲಕ್ಕೆ ಸಿಂಪಡಿಸುವ ಕೆಲವು ಔಷಧಗಳಿಗೂ ಈ ರೋಗದ ಮಾತ್ರೆಗೂ ಹತ್ತಿರದ ನಂಟಿದೆ. ಇದು ಎರಡನೆಯದು, ಮತ್ತು ಇದನ್ನು ತಿಳಿಸುವುದು ನನ್ನ ಕೆಲಸಕ್ಕೇ ಸೇರಿದ್ದು.

ದವಡೆಯ ಕೆಲಸ

ಮೊದಲು ನಿಮ್ಮ ಕೈಯನ್ನೇ ಕೆನ್ನೆಯ ಮೇಲಿಟ್ಟು, ಕಿವಿಯ ಮುಂದೆ ಸ್ವಲ್ಪ ಕೆಳಗೆ, ಹಲ್ಲು ಕಚ್ಚಿರಿ. ಬೆರಳ ಕೆಳಗೆ ಒಂದು ಗಟ್ಟಿ ಮಾಂಸಖಂಡ ಉಬ್ಬುತ್ತದೆ. ಇನ್ನೊಂದು ಕಣತಲೆಯ ಹತ್ತಿರ ಉಬ್ಬುತ್ತದೆ. ಕೆಳದವಡೆಯನ್ನು ಮೇಲಕ್ಕೆ ಎಳೆದು ರೊಟ್ಟಿ ಮುರಿಯುವ, ಕಡಲೆ ಒಡೆಯುವ ಕೆಲಸ ಮುಖ್ಯವಾಗಿ ಇವುಗಳದು. ಗಾತ್ರದಲ್ಲಿ ಚಿಕ್ಕವಾದರೂ ಬಲದಲ್ಲಿ ಕಡಿಮೆಯಲ್ಲ. ಆರೋಗ್ಯವಂತನ ದವಡೆ ಒಂದು ಊಟಕ್ಕೆ ದಣಿಯುವುದಿಲ್ಲ.

ನಾನು ಹೇಳುತ್ತಿರುವ ರೋಗದಲ್ಲಿ ದಣಿಯುತ್ತದೆ. ಮೊದಲ ನಾಲ್ಕು ತುತ್ತು ಸರಿಯಾಗಿಯೇ ಹೋಗುತ್ತವೆ. ಆಮೇಲೆ ಅಗಿಯುವುದು ನಿಧಾನವಾಗುತ್ತದೆ. ಊಟದ ಕೊನೆಗೆ ಬಾಯಲ್ಲಿಟ್ಟ ತುತ್ತು ಬಾಯಲ್ಲೇ ಉಳಿಯುತ್ತದೆ. ಕೆಲವರು ಗಲ್ಲದ ಕೆಳಗೆ ಅಂಗೈ ಕೊಟ್ಟು ದವಡೆಯನ್ನು ಎತ್ತಿಹಿಡಿದು ಅಗಿಯುತ್ತಾರೆ. ಸುಮ್ಮನೆ ಕುಳಿತಾಗಲೂ ಬಾಯಿ ತಾನಾಗಿ ತೆರೆದುಕೊಳ್ಳುವುದರಿಂದ ಗಲ್ಲಕ್ಕೆ ಕೈಯೂರಿ ಕೂರುವುದು ಅವರಿಗೆ ಅಭ್ಯಾಸವಾಗಿಬಿಡುತ್ತದೆ. ನೋಡಿದವರು ಏನೋ ಯೋಚನೆಯಲ್ಲಿದ್ದಾರೆ ಅಂದುಕೊಳ್ಳುತ್ತಾರೆ. ಅರ್ಧ ಗಂಟೆ ದಣಿವಾರಿಸಿಕೊಂಡರೆ ದವಡೆಗೆ ಮತ್ತೆ ಶಕ್ತಿ ಬರುತ್ತದೆ. ಬಳಸಿದಂತೆ ಸೋಲುವುದು, ಬಿಟ್ಟರೆ ಚೇತರಿಸುವುದು, ಬೆಳಗ್ಗೆ ಚೆನ್ನಾಗಿದ್ದು ಸಂಜೆಗೆ ಕೆಡುವುದು, ಈ ನಡೆಯೇ ಇದರ ಗುರುತು. ನೋವು ಸಾಮಾನ್ಯವಾಗಿ ಇರುವುದಿಲ್ಲ, ಮುಟ್ಟಿದರೆ ತಿಳಿಯುತ್ತದೆ. ಬಲ ಮಾತ್ರ ಇಲ್ಲ.

ಇದರ ಹೆಸರು ಮಯಸ್ತೀನಿಯಾ ಗ್ರೇವಿಸ್. ಹೆಸರು ನಾಲಿಗೆಗೆ ಕಷ್ಟವಾದರೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹೆಚ್ಚಿನವರಲ್ಲಿ ಇದು ಕಣ್ಣಿನಿಂದ ಶುರುವಾಗುತ್ತದೆ: ಒಂದು ಕಡೆಯ ರೆಪ್ಪೆ ಜೋತುಬೀಳುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಕೆಲವರಲ್ಲಿ ನೇರವಾಗಿ ದವಡೆ, ನಾಲಿಗೆ, ಗಂಟಲಿನಿಂದಲೇ ಶುರು. ಮಾತು ಮೂಗಿನಿಂದ ಬರತೊಡಗುತ್ತದೆ, ಕುಡಿದ ನೀರು ಮೂಗಿಗೆ ಏರುತ್ತದೆ, ನಕ್ಕರೆ ನಗೆ ಗದರಿದಂತೆ ಕಾಣುತ್ತದೆ. ಹೆಂಗಸರಲ್ಲಿ ನಲವತ್ತರೊಳಗೆ, ಗಂಡಸರಲ್ಲಿ ಅರವತ್ತರ ಮೇಲೆ ಹೆಚ್ಚಾಗಿ ಕಾಣುತ್ತದೆ. ಆದರೆ ಯಾವ ವಯಸ್ಸಿನವರಿಗೂ ಬರಬಹುದು. ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಹರಡುವುದಿಲ್ಲ.

ನಮ್ಮ ಕಡೆಯ ಒಂದು ಹಳ್ಳಿಯಲ್ಲಿ ಹೀಗೇ ಆಯಿತು. ಮದುವೆಯಾಗಿ ಮೂರು ವರ್ಷವಾದ ಸೊಸೆ. ಮನೆಯಲ್ಲಿ ಗಂಡಸರು, ಮಕ್ಕಳು, ಅತ್ತೆ ಎಲ್ಲರೂ ಉಂಡ ಮೇಲೆ ರಾತ್ರಿ ಒಂಬತ್ತೂವರೆಗೆ ಆಕೆಯ ಊಟ. ಅಷ್ಟು ಹೊತ್ತಿಗೆ ಉಳಿದಿರುವುದು ತಣ್ಣಗಾದ ಕಡಕ್ ರೊಟ್ಟಿ. ಆಕೆ ದಿನವೂ ಬಿಡುತ್ತಿದ್ದಳು. ಗಂಡನ ಮೇಲಿನ ಮುನಿಸೆಂದು ಮನೆಯವರು ತಿಳಿದರು. ಮುಂದೆ ಹಲ್ಲಿನ ದೋಷವೆಂದು ಯಾರೋ ಹೇಳಿ, ಸಂತೆಯ ಊರಿನಲ್ಲಿ ಗಟ್ಟಿಯಾಗಿದ್ದ ಒಂದು ದವಡೆಹಲ್ಲನ್ನೂ ಕೀಳಿಸಿಕೊಂಡು ಬಂದರು. ನಾನು ತೊಗರಿ ಬೀಜೋಪಚಾರದ ಕೆಲಸಕ್ಕೆ ಹೋದಾಗ ಆಕೆಯೇ ನನ್ನೊಡನಿದ್ದ ಆಶಾ ಕಾರ್ಯಕರ್ತೆಗೆ ಹೇಳಿದ ಮಾತು ನನಗೆ ನೆನಪಿದೆ: “ಮುಂಜಾನಿ ಎರಡು ರೊಟ್ಟಿ ತಿಂತೀನ್ರಿ ಅಕ್ಕಾರ. ರಾತ್ರಿ ಅರ್ಧಕ್ಕ ದವಡಿ ನಿಂತs ಬಿಡ್ತೈತಿ. ಯಾರೂ ನಂಬಂಗಿಲ್ಲ.” ಕಾರ್ಯಕರ್ತೆಯೇ ಆಕೆಯನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಂದ ನರರೋಗ ತಜ್ಞರ ಬಳಿಗೆ ಕಳಿಸಿದರು, ರೋಗ ಗೊತ್ತಾಯಿತು.

ಈ ಸಂಗತಿಯಲ್ಲಿ ನಾವು ಗಮನಿಸಬೇಕಾದ್ದು ಊಟದ ಹೊತ್ತು. ಸಂಜೆಗೆ ಹೆಚ್ಚುವ ರೋಗ, ದಿನದ ದೊಡ್ಡ ಊಟವನ್ನು ಎಲ್ಲರಿಗಿಂತ ಕೊನೆಗೆ ಮಾಡುವ ಹೆಣ್ಣುಮಗಳು, ಅದೂ ಒಣಗಿದ ರೊಟ್ಟಿ. ಪಕ್ಕದಲ್ಲಿ ಕೂತು ನೋಡುವವರು ಯಾರೂ ಇಲ್ಲ. ದಕ್ಷಿಣದ ಮುದ್ದೆಯ ನಾಡಿನಲ್ಲಿ ಇನ್ನೊಂದು ತೊಡಕಿದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಹಾಗಾಗಿ ದವಡೆ ಸೋತದ್ದು ಕಾಣದೆ ಉಳಿದು, ಗಂಟಲು ಸೋತು ಮುದ್ದೆ ಸಿಕ್ಕಿಕೊಂಡ ದಿನವೇ ಗೊತ್ತಾಗಬಹುದು. ನಮ್ಮ ರೊಟ್ಟಿ ಒಂದು ಬಗೆಯಲ್ಲಿ ಮೊದಲೇ ಎಚ್ಚರಿಕೆ ಕೊಡುತ್ತದೆ.

ಹೀಗೇಕೆ ಆಗುತ್ತದೆ?

ಪಂಪುಸೆಟ್ಟಿನ ಉದಾಹರಣೆ ಕೊಡುತ್ತೇನೆ. ಕಂಬದಿಂದ ತಂತಿಯಲ್ಲಿ ವಿದ್ಯುತ್ತು ಬರುತ್ತಿದೆ, ಮೋಟಾರೂ ಚೆನ್ನಾಗಿದೆ, ಆದರೆ ಸ್ಟಾರ್ಟರಿನ ಒಳಗಿನ ಕಾಂಟ್ಯಾಕ್ಟ್ ಪಾಯಿಂಟುಗಳು ಸವೆದಿವೆ. ಮೋಟಾರು ಒಮ್ಮೆ ಎಳೆಯುತ್ತದೆ, ಆಮೇಲೆ ನಿಲ್ಲುತ್ತದೆ. ನೀವು ಮೋಟಾರು ಬಿಚ್ಚಿ ಸುರುಳಿ ಸುತ್ತಿಸಿದರೆ ಹಣ ಹಾಳು. ಆ ಹೆಣ್ಣುಮಗಳ ಹಲ್ಲು ಕಿತ್ತದ್ದೂ ಹಾಗೆಯೇ.

ನಮ್ಮ ಮೈಯಲ್ಲಿ ತಂತಿ ಎಂದರೆ ನರ, ಮೋಟಾರು ಎಂದರೆ ಮಾಂಸಖಂಡ. ಇವೆರಡೂ ಒಂದಕ್ಕೊಂದು ಅಂಟಿಕೊಂಡಿಲ್ಲ; ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇದೆ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ದ್ರವ್ಯ ಒಸರಿ, ಆ ಸಂದನ್ನು ದಾಟಿ, ಮಾಂಸಖಂಡದ ಮೇಲಿರುವ ಗ್ರಾಹಕಗಳಿಗೆ ಹೋಗಿ ತಗಲುತ್ತದೆ. ಆಗ ಮಾಂಸಖಂಡ ಬಿಗಿಯುತ್ತದೆ. ಕೆಲಸ ಮುಗಿದ ದ್ರವ್ಯವನ್ನು ಕೋಲಿನೆಸ್ಟರೇಸ್ ಎಂಬ ಇನ್ನೊಂದು ವಸ್ತು ಒಡೆದು ಗುಡಿಸಿಹಾಕುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ವ್ಯವಹಾರ.

ರೋಗಾಣುಗಳಿಂದ ನಮ್ಮನ್ನು ಕಾಯಲು ಮೈಯಲ್ಲಿ ಒಂದು ಕಾವಲು ಶಕ್ತಿಯಿದೆ. ಅದು ಹೊರಗಿನ ಶತ್ರುವನ್ನು ಬಿಟ್ಟು ತನ್ನ ಮೈಯ ಮೇಲೆಯೇ ತಿರುಗಿಬಿದ್ದರೆ ಅದನ್ನು ಆಟೋಇಮ್ಯೂನ್ ರೋಗ ಎನ್ನುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಾವು ಹೇಳುವುದಿಲ್ಲವೇ, ಅದೇ. ಸಂಧಿವಾತದ ಒಂದು ಬಗೆಯಲ್ಲಿ ಈ ಬೇಲಿ ಕೀಲುಗಳನ್ನು ಮೇಯುತ್ತದೆ. ಮಯಸ್ತೀನಿಯಾದಲ್ಲಿ ಮಾಂಸಖಂಡದ ಗ್ರಾಹಕಗಳನ್ನು ಮೇಯುತ್ತದೆ. ಗ್ರಾಹಕಗಳು ಕಡಿಮೆಯಾದಾಗ ಮೊದಲ ತುತ್ತಿಗೆ ಸಾಕಾಗುವಷ್ಟು ಸಂದೇಶ ದಾಟುತ್ತದೆ. ಮತ್ತೆ ಮತ್ತೆ ಅಗಿದಾಗ ಸಾಲದೆ ಹೋಗುತ್ತದೆ. ಎದೆಮೂಳೆಯ ಹಿಂದಿರುವ ಥೈಮಸ್ ಎಂಬ ಗ್ರಂಥಿಗೂ ಈ ಕೆಡುಕಿಗೂ ಸಂಬಂಧವಿದೆ. ನೂರರಲ್ಲಿ ಹತ್ತು ಹದಿನೈದು ರೋಗಿಗಳಿಗೆ ಆ ಗ್ರಂಥಿಯಲ್ಲಿ ಗೆಡ್ಡೆ ಇರುತ್ತದೆ.

ಇದು ಕಂಡುಬಂದ ಬಗೆ ಸ್ವಾರಸ್ಯವಾದದ್ದು. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ, ಸ್ವಲ್ಪ ಹೊತ್ತು ಮಾತಾಡಿದರೆ ಮಾತೇ ನಿಂತುಹೋಗುವ ಒಬ್ಬ ಹೆಂಗಸಿನ ವಿಷಯ ಬರೆದಿದ್ದ. ಆದರೆ ಔಷಧ ದೊರೆತದ್ದು 1934ರಲ್ಲಿ. ಲಂಡನ್ನಿನ ಗ್ರೀನಿಚ್‌ನಲ್ಲಿದ್ದ ಸೇಂಟ್ ಆಲ್ಫೀಜ್ ಆಸ್ಪತ್ರೆಯ ವೈದ್ಯೆ ಮೇರಿ ವಾಕರ್, ಈ ರೋಗಿಗಳ ಸ್ಥಿತಿಯು ದಕ್ಷಿಣ ಅಮೆರಿಕದ ಕಾಡುಜನರು ಬಾಣಕ್ಕೆ ಹಚ್ಚುವ ಕ್ಯುರಾರೆ ವಿಷ ಏರಿದವರ ಸ್ಥಿತಿಯಂತೆಯೇ ಇದೆಯಲ್ಲ ಎಂದು ಯೋಚಿಸಿದಳು. ಆ ವಿಷಕ್ಕೆ ಪ್ರತಿಮದ್ದು ಆಫ್ರಿಕದ ಕ್ಯಾಲಬಾರ್ ಎಂಬ ಕಾಳಿನಿಂದ ತೆಗೆದ ಫೈಸೊಸ್ಟಿಗ್ಮಿನ್. ಅದನ್ನು ರೋಗಿಗೆ ಚುಚ್ಚಿದಾಗ ಜೋತುಬಿದ್ದ ರೆಪ್ಪೆ ಮೇಲೆದ್ದಿತು, ನುಂಗುವುದು ಸುಲಭವಾಯಿತು. ಮುಂದೆ 1973ರಲ್ಲಿ ಅಮೆರಿಕದ ಪ್ಯಾಟ್ರಿಕ್, ಲಿಂಡ್‌ಸ್ಟ್ರಾಮ್ ಎಂಬಿಬ್ಬರು ವಿದ್ಯುತ್ ಈಲ್ ಎಂಬ ಮೀನಿನ ಗ್ರಾಹಕಗಳನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳ ಕಾವಲು ಶಕ್ತಿ ಕೆರಳಿ, ಅವುಗಳಿಗೆ ಇದೇ ರೀತಿಯ ನಿಶ್ಶಕ್ತಿ ಬಂತು. ಬೇಲಿ ಎದ್ದು ಮೇಯುವುದೇ ಕಾರಣವೆಂಬುದಕ್ಕೆ ಹೀಗೆ ಬಲವಾದ ಸಾಕ್ಷ್ಯ ದೊರೆಯಿತು.

ಮಾತ್ರೆಯೂ ಕೀಟನಾಶಕವೂ

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಇಂದು ಈ ರೋಗಕ್ಕೆ ಸಾಮಾನ್ಯವಾಗಿ ಮೊದಲು ಕೊಡುವ ಮಾತ್ರೆ ಪಿರಿಡೊಸ್ಟಿಗ್ಮಿನ್. ಅದು ಗುಡಿಸಿಹಾಕುವ ಕೋಲಿನೆಸ್ಟರೇಸನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಆಗ ಸಂದಿನಲ್ಲಿ ಅಸಿಟೈಲ್‌ಕೋಲಿನ್ ಹೆಚ್ಚು ಹೊತ್ತು ನಿಲ್ಲುತ್ತದೆ, ಉಳಿದಿರುವ ಗ್ರಾಹಕಗಳಿಂದಲೇ ಕೆಲಸ ನಡೆಯುತ್ತದೆ. ನುಂಗಿದ ಅರ್ಧ ಮುಕ್ಕಾಲು ಗಂಟೆಗೆ ಗುಣ ತೋರಿ, ಮೂರು ನಾಲ್ಕು ಗಂಟೆ ಇರುತ್ತದೆ.

ಇನ್ನು ಹತ್ತಿ, ತೊಗರಿಯ ಹುಳುಗಳಿಗೆ ಹೊಡೆಯುವ ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮೊದಲಾದ ರಂಜಕ ಗುಂಪಿನ ಕೀಟನಾಶಕಗಳು ಹುಳುವನ್ನು ಕೊಲ್ಲುವುದು ಹೇಗೆ ಗೊತ್ತೇ? ಅದೇ ಕೋಲಿನೆಸ್ಟರೇಸನ್ನು ತಡೆದೇ. ಕಾರ್ಬಮೇಟ್ ಗುಂಪಿನವೂ ಹಾಗೆಯೇ. ಮೇಲೆ ಹೇಳಿದ ಕ್ಯಾಲಬಾರ್ ಕಾಳಿನ ದ್ರವ್ಯವೂ ರಸಾಯನದ ಲೆಕ್ಕದಲ್ಲಿ ಒಂದು ಕಾರ್ಬಮೇಟೇ. ಅಳತೆ ಮಾಡಿ ಕೊಟ್ಟರೆ ಮದ್ದು, ಅಳತೆಯಿಲ್ಲದೆ ಮೈಗೆ ಹೋದರೆ ವಿಷ. ಇದರಿಂದ ಎರಡು ವಿಷಯ ತಿಳಿಯಬೇಕು.

ಈ ಮಾತ್ರೆ ತೆಗೆದುಕೊಳ್ಳುವವರು ಸಿಂಪಡಣೆಗೆ ಇಳಿಯಬಾರದು. ಔಷಧ ಕಲಸುವುದು, ಕ್ಯಾನು ತೊಳೆಯುವುದು, ಹೊಡೆದವರ ಬಟ್ಟೆ ಒಗೆಯುವುದು ಕೂಡ ಬೇಡ. ಈ ಕೊನೆಯದು ಮನೆಯ ಹೆಂಗಸರ ಪಾಲಿಗೆ ಬೀಳುತ್ತದೆಂದು ಬೇರೆಯಾಗಿ ಹೇಳುತ್ತಿದ್ದೇನೆ. ಎರಡನೆಯದಾಗಿ, ಮಾತ್ರೆ ಹೆಚ್ಚಾದಾಗ ಕಾಣುವ ಲಕ್ಷಣಗಳು ಕೀಟನಾಶಕ ಏರಿದಾಗಿನ ಲಕ್ಷಣಗಳೇ: ಬಾಯಲ್ಲಿ ಜೊಲ್ಲು, ಬೆವರು, ಹೊಟ್ಟೆ ನುಲಿತ, ಭೇದಿ, ಮಾಂಸಖಂಡಗಳ ಅದುರುವಿಕೆ, ಕೊನೆಗೆ ನಿಶ್ಶಕ್ತಿ. ಶಕ್ತಿ ಸಾಲದೆಂದು ಮನೆಯಲ್ಲೇ ಒಂದು ಮಾತ್ರೆ ಹೆಚ್ಚು ನುಂಗುವುದು ಬಹಳ ಅಪಾಯ. ಕಡಿಮೆಯಾಗಿ ಸೋತದ್ದೋ ಹೆಚ್ಚಾಗಿ ಸೋತದ್ದೋ ಎಂಬುದನ್ನು ಆಸ್ಪತ್ರೆಯಲ್ಲಿ ಮಾತ್ರ ತೀರ್ಮಾನಿಸಬಹುದು.

ಹಾವಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾಗರಹಾವು, ಕಟ್ಟುಹಾವುಗಳ ವಿಷ ಹಿಡಿಯುವುದೂ ಇದೇ ಸಂದನ್ನು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಹಲವು ಸಲ ನೋವಾಗಲಿ ಗುರುತಾಗಲಿ ಇರುವುದಿಲ್ಲ. ನಿನ್ನೆ ಚೆನ್ನಾಗಿದ್ದವರು ಬೆಳಗ್ಗೆ ಏಳುವಾಗಲೇ ರೆಪ್ಪೆ ಬಿದ್ದು, ದವಡೆ ಸೋತು, ನುಂಗಲಾರದೆ ಇದ್ದರೆ ಅದನ್ನು ಈ ನಿಧಾನದ ರೋಗವೆಂದು ತಿಳಿಯಬೇಡಿ. ಹಾವು ಕಂಡಿರಲಿ ಬಿಡಲಿ, ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ದವಡೆಯ ಬೇರೆ ತೊಂದರೆಗಳು

ದವಡೆ ಕೆಲಸ ಮಾಡದಿದ್ದರೆಲ್ಲ ಮಯಸ್ತೀನಿಯಾ ಅಲ್ಲ. ಗಾಯವಾದ ಕೆಲವು ದಿನಗಳ ಮೇಲೆ ದವಡೆ ಕಚ್ಚಿಕೊಂಡು ಬಾಯಿ ತೆರೆಯದಿದ್ದರೆ ಧನುರ್ವಾಯು. ಒಂದು ಗಳಿಗೆಯೂ ಕಾಯಬಾರದು. ಗುಟ್ಕಾ, ಅಡಿಕೆ ಜಗಿಯುವವರಿಗೆ ಬಾಯೊಳಗೆ ಉರಿ ಬಂದು, ಕೆನ್ನೆಯ ಒಳಪದರ ಗಟ್ಟಿಯಾಗಿ, ವರ್ಷದಿಂದ ವರ್ಷಕ್ಕೆ ಬಾಯಿ ಕಿರಿದಾಗುತ್ತದೆ. ಅದು ಬೆಳಗ್ಗೆ ಸಂಜೆ ಎಂದು ಬದಲಾಗುವುದಿಲ್ಲ, ಮತ್ತು ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಲಕ್ವಾ ಹೊಡೆದರೆ ಮುಖದ ಒಂದು ಪಕ್ಕ ಒಮ್ಮೆಲೇ ಸೊಟ್ಟಗಾಗುತ್ತದೆ.

ಬೇಲಿ ಮೇಯುವ ಜಾತಿಯ ಇತರ ರೋಗಗಳೂ ಬಾಯಿಗೆ ಬರುತ್ತವೆ. ಸಂಧಿವಾತದಲ್ಲಿ ಕಿವಿಯ ಮುಂದಿನ ಕೀಲು ನೋಯುತ್ತದೆ, ಬೆಳಗ್ಗೆ ಬಿಗಿಯಾಗಿರುತ್ತದೆ. ಅಂದರೆ ಮಯಸ್ತೀನಿಯಾಕ್ಕೆ ತಿರುಗುಮುರುಗು. ಸ್ಕ್ಲೀರೊಡರ್ಮಾದಲ್ಲಿ ಮುಖದ ಚರ್ಮ ಬಿಗಿದು ಬಾಯಿ ಸಣ್ಣದಾಗುತ್ತದೆ. ಶೋಗ್ರೆನ್ ರೋಗದಲ್ಲಿ ಜೊಲ್ಲು ಬತ್ತಿ ಒಣ ರೊಟ್ಟಿ ಇಳಿಯುವುದಿಲ್ಲ. ಐವತ್ತು ದಾಟಿದವರಿಗೆ ಅಗಿಯುವಾಗ ದವಡೆ ನೋಯುತ್ತಿದ್ದು, ಕಣತಲೆಯಲ್ಲಿ ಹೊಸದಾಗಿ ತಲೆನೋವು ಬಂದಿದ್ದರೆ ಅದು ರಕ್ತನಾಳದ ಉರಿಯೂತವಿರಬಹುದು. ನಮ್ಮಲ್ಲಿ ಅಪರೂಪ, ಆದರೆ ತಡಮಾಡಿದರೆ ಕಣ್ಣು ಹೋಗುತ್ತದೆ.

ಮನೆಯಲ್ಲಿ ಮಾಡಬಹುದಾದ ಸಣ್ಣ ಪರೀಕ್ಷೆ ಉಂಟು. ಅನುಮಾನವಿರುವವರನ್ನು ಕೂರಿಸಿ, ತಲೆ ಎತ್ತದೆ ಕಣ್ಣನ್ನು ಮಾತ್ರ ಮೇಲೆತ್ತಿ ಜಂತೆಯನ್ನೇ ಒಂದೆರಡು ನಿಮಿಷ ನೋಡಲು ಹೇಳಿ. ರೆಪ್ಪೆ ತಾನಾಗಿ ಇಳಿಯುತ್ತದೆಯೇ ನೋಡಿ. ಒಂದರಿಂದ ಐವತ್ತರವರೆಗೆ ಗಟ್ಟಿಯಾಗಿ ಎಣಿಸಲು ಹೇಳಿ. ದನಿ ಮೂಗಿಗೆ ತಿರುಗುತ್ತದೆಯೇ ಕೇಳಿ. ಇದರಿಂದ ರೋಗ ನಿಶ್ಚಯವಾಗುವುದಿಲ್ಲ, ಆಸ್ಪತ್ರೆಗೆ ಹೋಗಲು ಕಾರಣ ಸಿಗುತ್ತದೆ. ವೈದ್ಯರು ಬೆಳಗ್ಗೆ ನೋಡಿದಾಗ ಎಲ್ಲ ಸರಿಯಾಗಿಯೇ ಕಾಣಬಹುದು. ಆದ್ದರಿಂದ ಸಂಜೆ ರೆಪ್ಪೆ ಬಿದ್ದಾಗ, ಅಗಿಯಲಾರದೆ ಇದ್ದಾಗ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟು ತೋರಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾ ಆಸ್ಪತ್ರೆಗೂ, ಅಲ್ಲಿಂದ ನರರೋಗ ವಿಭಾಗವಿರುವ ವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳಿಸುತ್ತಾರೆ. ರಕ್ತಪರೀಕ್ಷೆ, ನರಗಳ ವಿದ್ಯುತ್ ಪರೀಕ್ಷೆ, ಎದೆಯ ಸ್ಕ್ಯಾನ್ ಮಾಡುತ್ತಾರೆ. ಮಾತ್ರೆಯ ಜೊತೆಗೆ ಕಾವಲು ಶಕ್ತಿಯನ್ನು ತಗ್ಗಿಸುವ ಔಷಧಗಳನ್ನೂ ಕೊಡುವುದುಂಟು. ಅವನ್ನು ನಡುವೆ ನಿಲ್ಲಿಸಬಾರದು. ಕೆಲವರಿಗೆ ಥೈಮಸ್ ಗ್ರಂಥಿಯನ್ನು ಶಸ್ತ್ರಕ್ರಿಯೆಯಿಂದ ತೆಗೆಯುತ್ತಾರೆ. ಗೆಡ್ಡೆಯಿಲ್ಲದ ರೋಗಿಗಳಿಗೂ ಇದರಿಂದ ಗುಣವಿದೆಯೆಂದು 2016ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಿಂದ ಗೊತ್ತಾಗಿದೆ. ಈ ರೋಗ ಬಂದರೆ ಬಾಳೇ ಮುಗಿಯಿತೆಂದು ಹೇಳುವವರಿಗೆ ನಟ ಅಮಿತಾಭ್ ಬಚ್ಚನ್ ಅವರನ್ನು ನೆನಪಿಸಿ. 1980ರ ದಶಕದಲ್ಲಿ ಅವರಿಗೆ ಇದು ಬಂತು. ಆ ಮೇಲೆ ದಶಕಗಳ ಕಾಲ ಅವರು ನಟಿಸಿದ್ದನ್ನು ನೀವೇ ನೋಡಿದ್ದೀರಿ.

ಊಟ ಮತ್ತು ಎಚ್ಚರ

ರೋಗ ಗೊತ್ತಾದ ಮನೆಯಲ್ಲಿ ಊಟದ ಪದ್ಧತಿ ಬದಲಾಗಬೇಕು. ದೊಡ್ಡ ಊಟ ಬೆಳಗ್ಗೆ ಅಥವಾ ಮಧ್ಯಾಹ್ನಕ್ಕಿರಲಿ, ರಾತ್ರಿಯದು ಹಗುರವಾಗಿರಲಿ, ಹೊತ್ತು ಮುಳುಗುತ್ತಲೇ ಮುಗಿಯಲಿ. ವೈದ್ಯರು ಹೇಳಿದಂತೆ ಮಾತ್ರೆ ನುಂಗಿ, ಅದರ ಗುಣ ಹತ್ತುವ ಹೊತ್ತಿಗೆ ಎಲೆ ಹಾಕಬೇಕು. ಊಟಕ್ಕೆ ಮುಂಚೆ ಸ್ವಲ್ಪ ವಿಶ್ರಾಂತಿ ಬೇಕು. ಕಡಕ್ ರೊಟ್ಟಿಯ ಬದಲು ಮಜ್ಜಿಗೆಯಲ್ಲಿ ಕಲಸಿದ ಜೋಳದ ನುಚ್ಚು, ಗಟ್ಟಿಯಾದ ಗಂಜಿ, ಬೆಂದ ಬೇಳೆ, ಹಣ್ಣಾದ ಬಾಳೆ ಒಳ್ಳೆಯದು. ತೀರಾ ತೆಳುವಾದ ನೀರು, ಸಾರು ಕೆಲವರಿಗೆ ಮೂಗಿಗೇರುತ್ತದೆ. ಅಂಥವರಿಗೆ ಅಂಬಲಿ ದಪ್ಪಗಿರಲಿ. ನೆಟ್ಟಗೆ ಕೂತು, ಸಣ್ಣ ತುತ್ತು, ತಿನ್ನುವಾಗ ಮಾತು ಬೇಡ. ಆ ಸೊಸೆಯ ಮನೆಯಲ್ಲಿ ಈಗ ಸಂಜೆ ಆರೂವರೆಗೆ ಮೊದಲು ಆಕೆಗೇ ನುಚ್ಚು ಬಡಿಸುತ್ತಾರೆ. ಅತ್ತೆ ಎದುರಿಗೆ ಕೂರುತ್ತಾರೆ.

ಇನ್ನೊಂದು ಮಾತು ಔಷಧದ ಅಂಗಡಿಯ ಕುರಿತು. ಜ್ವರಕ್ಕೆ, ಭೇದಿಗೆ, ಗಾಯಕ್ಕೆ ಸಾಮಾನ್ಯವಾಗಿ ಕೊಡುವ ಕೆಲವು ಔಷಧಗಳು ಈ ರೋಗಿಗಳ ನಿಶ್ಶಕ್ತಿಯನ್ನು ಒಮ್ಮೆಲೇ ಹೆಚ್ಚಿಸಬಲ್ಲವು. ಜೆಂಟಾಮೈಸಿನ್ ಚುಚ್ಚುಮದ್ದು, ಸಿಪ್ರೊಫ್ಲಾಕ್ಸಾಸಿನ್, ಅಜಿಥ್ರೊಮೈಸಿನ್, ಮಲೇರಿಯಾದ ಕ್ವಿನೈನ್, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು, ಮೆಗ್ನೀಸಿಯಂ ಚುಚ್ಚುಮದ್ದು ಈ ಪಟ್ಟಿಯಲ್ಲಿವೆ. ಅಂಗಡಿಯವರನ್ನು ಕೇಳಿ ತಂದು ನುಂಗಬಾರದು. ಯಾವ ವೈದ್ಯರ ಬಳಿ ಯಾವ ಕಾಯಿಲೆಗೆ ಹೋದರೂ, ಹಲ್ಲು ಕೀಳಿಸಲು ಹೋದರೂ, ಹೆರಿಗೆಗೆ ಹೋದರೂ, ಮೊದಲು ಈ ರೋಗದ ಹೆಸರು ಹೇಳಬೇಕು.

ಜ್ವರ, ಕೆಮ್ಮು ಬಂದಾಗ ಹೆಚ್ಚು ಎಚ್ಚರ ಬೇಕು, ಏಕೆಂದರೆ ಆಗಲೇ ರೋಗ ಉಲ್ಬಣಿಸುವುದು. ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲಾರದಿರುವುದು, ಕೆಮ್ಮಲು ಬಲವಿಲ್ಲದಿರುವುದು, ತನ್ನ ಜೊಲ್ಲನ್ನೇ ನುಂಗಲಾರದಿರುವುದು ಕಂಡರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆಮಾಡಿ, ರೋಗಿಯನ್ನು ಒರಗಿಸಿ ಕೂರಿಸಿ, ಬಾಯಿಗೆ ನೀರಾಗಲಿ ಮಾತ್ರೆಯಾಗಲಿ ಹಾಕದೆ ಒಯ್ಯಿರಿ. ಮೊದಲು ಬರೆದಿಟ್ಟುಕೊಳ್ಳಿ ಎಂದ ಚೀಟಿಯಲ್ಲಿ ರೋಗದ ಹೆಸರು, ಮಾತ್ರೆಗಳ ಹೆಸರು, ದಿನಕ್ಕೆ ಎಷ್ಟು ಸಲ, ಕೊನೆಯ ಮಾತ್ರೆ ಎಷ್ಟು ಗಂಟೆಗೆ ನುಂಗಿದ್ದು, ಹತ್ತಿರದಲ್ಲಿ ಸಿಂಪಡಣೆ ನಡೆದಿತ್ತೇ ಎಂಬುದಿಷ್ಟು ಇರಲಿ. ಗಾಡಿ ಬಂದಾಗ ಜೊತೆಗೆ ಹತ್ತುವವರ ಜೇಬಿನಲ್ಲಿ ಅದನ್ನು ಇಟ್ಟುಕಳಿಸಿ.